ಏಳನೇ ಇನಿಂಗ್ಸ್ ಆದಮೇಲೆ

ಗೆದ್ದ ಮ್ಯಾಚನ್ನು ಸೋಲುವುದಕ್ಕೂ ಒಂದು ಯೋಗ್ಯತೆ ಬೇಕು. ನಮ್ಮ ಸ್ಯಾನ್ ಡಿಯಾಗೋ ಟೀಮಿನ ಬುಲ್‌ಪೆನ್ನಿಗೆ ಆ ಯೋಗ್ಯತೆ ಈ ವರ್ಷ ಸೀಸನ್ನಿನ ಮೊದಲ ವಾರದಲ್ಲೇ ಬಂದುಬಿಟ್ಟಿತು. ಆರು ಇನಿಂಗ್ಸ್ ಮುಗಿದಾಗ ನಾವು ನಾಲ್ಕು ರನ್ ಮುಂದೆ. ಎಂಟು ಮುಗಿಯುವ ಹೊತ್ತಿಗೆ ಒಂದು ರನ್ ಹಿಂದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಇವರು ಅದಕ್ಕಿಂತ ಒಂದು ಕೈ ಮೇಲು. ಬಾಯಲ್ಲಿದ್ದ ತುತ್ತನ್ನೇ ಕಿತ್ತು ಎದುರಿನವರ ತಟ್ಟೆಗೆ ಬಡಿಸಿದರು.

ಬೇಸ್‌ಬಾಲ್ ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು. ಒಂಬತ್ತು ಇನಿಂಗ್ಸಿನ ಆಟ. ಮೊದಲ ಐದಾರು ಇನಿಂಗ್ಸ್ ಒಬ್ಬನೇ ಚೆಂಡು ಎಸೆಯುತ್ತಾನೆ. ಅವನ ತೋಳು ಸೋತಮೇಲೆ ಉಳಿದದ್ದನ್ನು ಮುಗಿಸಿಕೊಡಲು ಬೇರೆ ಒಂದಷ್ಟು ಜನ ಇರುತ್ತಾರೆ. ಮೈದಾನದ ಆ ತುದಿಯಲ್ಲಿ, ಬೇಲಿಯ ಹಿಂದೆ, ತೋಳು ಬಿಸಿ ಮಾಡಿಕೊಳ್ಳುತ್ತ ಕಾಯುತ್ತಿರುತ್ತಾರೆ. ಆ ಜಾಗಕ್ಕೂ ಆ ಜನಕ್ಕೂ ಒಟ್ಟಿಗೆ ಬುಲ್‌ಪೆನ್ ಅಂತ ಹೆಸರು. ನಮ್ಮ ರಾಚಯ್ಯ ಅದನ್ನು ದೊಡ್ಡಿ ಅನ್ನುತ್ತಾನೆ. ಅವನ ಕೊಳ್ಳೇಗಾಲದ ಕಡೆ, ಕಂಡವರ ಹೊಲ ಮೇಯ್ದ ದನಗಳನ್ನು ಹಿಡಿದು ಕೂಡಿಹಾಕುವ ಜಾಗಕ್ಕೆ ದೊಡ್ಡಿ ಅನ್ನುತ್ತಾರಂತೆ. ಈ ವರ್ಷದ ನಮ್ಮವರಿಗೆ ಅದಕ್ಕಿಂತ ಒಳ್ಳೆಯ ಹೆಸರು ಸಿಗಲಾರದು.

ರಾಚಯ್ಯ ನಮ್ಮ ಬೀದಿಯವನೇ. ಮೀರಾ ಮೆಸಾದಲ್ಲಿ ನಮ್ಮ ಮನೆಯಿಂದ ನಾಲ್ಕು ಮನೆ ಆಚೆ. ಟೆಲಿಕಾಂ ಕಂಪನಿಯಲ್ಲಿ ಮೊದಲು ನನ್ನ ಕೈಕೆಳಗೆ ಸೇರಿದವನು, ನನ್ನ ಜೊತೆಗೇ ರಿಟೈರ್ ಆದವನು. ಮ್ಯಾಚ್ ಇದ್ದ ದಿನ ಟೀಮಿನ ಕಂದು ಟೋಪಿ ಹಾಕಿಕೊಂಡು, ಕೈಯಲ್ಲಿ ಒಂದು ಡಬ್ಬಿ ಖಾರ ಮಂಡಕ್ಕಿ ಹಿಡಿದುಕೊಂಡು ಬಂದು ನಮ್ಮ ಸೋಫಾದ ಎಡಮೂಲೆಯಲ್ಲಿ ಕೂರುತ್ತಾನೆ. ಆ ಸೋತ ಮ್ಯಾಚಿನ ದಿನ ಎಂಟನೇ ಇನಿಂಗ್ಸಿಗೆ ದೊಡ್ಡಿಯಿಂದ ಗಡ್ಡದವನು ಬಂದ. ಅವನ ಹೆಸರು ನಮಗೆ ಗೊತ್ತು, ಆದರೆ ಬಾಯಲ್ಲಿ ಹೇಳುವುದಿಲ್ಲ, ಅಷ್ಟು ಸಿಟ್ಟು.

"ಬಂದಾ ನೋಡಿ ಸಾರ್, ಮಾರಿಗುಡಿ ಪೂಜಾರಿ," ಅಂದ ರಾಚಯ್ಯ. "ಇವತ್ತು ಯಾರ ತಲೆ ತೆಗೀತಾನೋ."

"ನಮ್ಮದೇ," ಅಂದೆ.

ಹಾಗೇ ಆಯಿತು. ನಾನು ಎದ್ದು ನಿಂತು ಟಿವಿಗೆ ಬೈದೆ. ಬೈಯುತ್ತ ಬೈಯುತ್ತ ಮಂಡಕ್ಕಿ ಡಬ್ಬಿಯ ಪಕ್ಕದಲ್ಲೇ ವಾಂತಿ ಮಾಡಿಕೊಂಡೆ. ನನ್ನ ಹೆಂಡತಿ ನಿರುಪಮಾ ಅಡುಗೆಮನೆಯಿಂದ ಓಡಿಬಂದು ಮೊದಲು ಟಿವಿ ಆರಿಸಿದಳು, ಆಮೇಲೆ ನನ್ನ ಬೆನ್ನು ನೀವಿದಳು. ಮ್ಯಾಚಿನಿಂದ ವಾಂತಿಯಾಯಿತು ಅಂತ ಅವಳ ಲೆಕ್ಕ. ವಾಂತಿಯಾಗಿದ್ದು ಕೀಮೋದಿಂದ.

ಕರುಳಿನಲ್ಲಿ ಶುರುವಾದ ಕ್ಯಾನ್ಸರ್ ಲಿವರ್ ಸೇರಿತ್ತು. ಚಳಿಗಾಲದಲ್ಲಿ ಗೊತ್ತಾಯಿತು. ಮೊದಲ ದಿನವೇ ಡಾಕ್ಟರಮ್ಮ ನನ್ನ ಮುಖ ನೋಡಿ ಕೇಳಿದ್ದರು: ನಿಮಗೆ ಎಲ್ಲ ವಿವರ ನಾನೇ ಹೇಳಲೋ, ಮನೆಯವರ ಹತ್ತಿರ ಮಾತಾಡಲೋ? ನಾನು ಯೋಚಿಸಲೂ ಇಲ್ಲ. "ನನ್ನ ಮಗಳ ಹತ್ತಿರ ಮಾತಾಡಿ, ಅವಳು ನೋಡಿಕೊಳ್ಳುತ್ತಾಳೆ" ಅಂದೆ. ಅವರು ಇನ್ನೊಂದು ಸಲ ಕೇಳಿದರು. ನಾನು ಇನ್ನೊಂದು ಸಲ ಅದನ್ನೇ ಹೇಳಿದೆ. ನಮ್ಮ ಮನೆಯಲ್ಲಿ ವಿಮಾನದ ಟಿಕೆಟ್ಟು, ಪಾಸ್‌ಪೋರ್ಟು, ಇನ್ಶೂರೆನ್ಸು, ಎಲ್ಲಕ್ಕೂ ಒಂದೇ ಉತ್ತರ, ನಮ್ರತಾನ ಕೇಳಿ. ಕ್ಯಾನ್ಸರನ್ನೂ ಅದೇ ಸಾಲಿಗೆ ಸೇರಿಸಿದೆ. ಅದಕ್ಕೆ ನನ್ನನ್ನೇ ಬೈದುಕೊಳ್ಳಬೇಕು, ಬೈದುಕೊಂಡಿದ್ದೇನೆ.

ನಮ್ರತಾ ಎಲ್.ಎ. ಹತ್ತಿರ ಎಲ್ ಸೆಗುಂಡೋದಲ್ಲಿ ಉಪಗ್ರಹ ಮಾಡುವ ಕಂಪನಿಯಲ್ಲಿ ಇಂಜಿನಿಯರು. ಇಷ್ಟು ವರ್ಷದಿಂದ ಅಲ್ಲಿದ್ದಾಳೆ, ಇವತ್ತಿಗೂ ಎಲ್.ಎ. ಟೀಮಿನ ನೀಲಿ ಟೋಪಿ ತಲೆಗೆ ಸೋಕಿಸಿಲ್ಲ. ಅವಳು ಸ್ಕೂಲಿನಲ್ಲಿದ್ದಾಗಿನಿಂದ ಪ್ರತಿ ಏಪ್ರಿಲ್ ನಮ್ಮಿಬ್ಬರದು ಒಂದು ಪದ್ಧತಿ. ಪುಳಿಯೋಗರೆಯನ್ನು ಫಾಯಿಲ್‌ನಲ್ಲಿ ಸುತ್ತಿಕೊಂಡು, ಫ್ರೀವೇ ಹಿಡಿದು, ಎಡಗಡೆ ಸಮುದ್ರ ನೋಡುತ್ತ ಎಲ್.ಎ.ಗೆ ಹೋಗುವುದು. ವೈರಿಗಳ ಸ್ಟೇಡಿಯಮ್ಮಿನ ತುತ್ತತುದಿಯ ಸಾಲಿನಲ್ಲಿ, ಬಿಸಿಲಿನಲ್ಲಿ ಕೂತು, ನೀಲಿ ಜನರ ನಡುವೆ ನಾವಿಬ್ಬರೇ ಕಂದು ಟೋಪಿಯವರು ಕೂಗುವುದು. ಸೋತರೆ ವಾಪಸು ಬರುವಾಗ ಅವಳು ಅಳುತ್ತಿದ್ದಳು. ನಾನು ಸಮಾಧಾನ ಮಾಡುತ್ತಿರಲಿಲ್ಲ. ಸೋತಿದ್ದೇವೆ, ಅಳು, ಅನ್ನುತ್ತಿದ್ದೆ.

ಕೀಮೋ ಶುರುವಾದ ಹೊಸದರಲ್ಲಿ, ಕ್ಲಿನಿಕ್ಕಿನಿಂದ ಕಾರಿನಲ್ಲಿ ವಾಪಸು ಬರುವಾಗ ಅವಳಿಗೆ ಒಂದೇ ಒಂದು ಮಾತು ಹೇಳಿದ್ದೆ. "ನೋಡು ಪುಟ್ಟಿ, ಔಷಧಿ ಕೆಲಸ ಮಾಡ್ತಿದ್ರೆ ಎಷ್ಟು ಬೇಕಾದ್ರೂ ಚುಚ್ಚಲಿ, ತಡ್ಕೋತೀನಿ. ಮಾಡ್ತಿಲ್ಲ ಅಂತ ಗೊತ್ತಾದ ದಿನ ನಂಗೆ ಹೇಳಿಬಿಡು. ಅವತ್ತೇ ನಿಲ್ಲಿಸ್ತೀನಿ. ಉಳಿದ ದಿನಾನ ಬಕೆಟ್ ಹಿಡ್ಕೊಂಡು ಕಳೆಯೋಕೆ ನಂಗಿಷ್ಟ ಇಲ್ಲ. ನಿನ್ ಜೊತೆ ಎಲ್.ಎ.ಗೆ ಬಂದು ಬಿಸಿಲಲ್ಲಿ ಕೂತ್ಕೋತೀನಿ."

"ಪ್ರಾಮಿಸ್, ಅಪ್ಪಾ," ಅಂದಳು. ಆ ವಾರವೇ ಏಪ್ರಿಲ್‌ನ ಒಂದು ಶನಿವಾರಕ್ಕೆ ಎರಡು ಟಿಕೆಟ್ ತೆಗೆದಳು. ಆ ಶನಿವಾರ ನನ್ನ ಕಣ್ಣ ಮುಂದೆ ಇತ್ತು. ಅದೊಂದಿದೆ ಅಂತ ಸೂಜಿಗೆ ತೋಳು ಚಾಚುತ್ತಿದ್ದೆ.

ಮಾರ್ಚ್ ಕೊನೆಗೆ ಸ್ಕ್ಯಾನ್ ಆಯಿತು. ರಿಸಲ್ಟ್ ಬಂದ ದಿನ ನಮ್ರತಾ ರಜ ಹಾಕಿ ಬಂದಿದ್ದಳು. ಡಾಕ್ಟರಮ್ಮನನ್ನು ನೋಡಲು ತಾಯಿ ಮಗಳು ಹೋದರು, ನನಗೆ ಮನೆಯಲ್ಲೇ ಇರಲು ಹೇಳಿದರು. ವಾಪಸು ಬಂದ ಕಾರು ಗರಾಜಿಗೆ ಸೇರಿದ ಸದ್ದು ಕೇಳಿಸಿತು, ಇಂಜಿನ್ ನಿಂತದ್ದೂ ಕೇಳಿಸಿತು. ಬಾಗಿಲು ಮಾತ್ರ ಎಷ್ಟು ಹೊತ್ತಾದರೂ ತೆರೆಯಲಿಲ್ಲ. ಕೊನೆಗೆ ಇಬ್ಬರೂ ಒಳಗೆ ಬಂದರು. ನಿರುಪಮಾ ಸೀದಾ ದೇವರ ಮುಂದೆ ಹೋಗಿ ದೀಪ ಹಚ್ಚಿದಳು. ನಮ್ರತಾ ನನ್ನ ಮಂಡಿಯ ಹತ್ತಿರ ಕೂತು, "ಎಲ್ಲಾ ಚೆನ್ನಾಗಿದೆ ಅಪ್ಪಾ. ಔಷಧಿ ಕೆಲಸ ಮಾಡ್ತಿದೆ" ಅಂದಳು.

ಕನ್ನಡದಲ್ಲಿ ಅಂದಳು. ಕಿಂಡರ್‌ಗಾರ್ಟನ್ ಸೇರಿದಾಗಿನಿಂದ ನನಗೆ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟ ಹುಡುಗಿ. ನನಗೆ ಆಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ. ಪ್ರೀತಿಗೆ ಹೇಳಿದಳು ಅಂದುಕೊಂಡೆ. ನಿರುಪಮಾ ಶಾವಿಗೆ ಪಾಯಸ ಮಾಡಿದಳು. ನಾನು ಎರಡು ಚಮಚ ತಿಂದೆ. ಅದು ವಾಂತಿಯಾಗದೆ ಉಳಿದದ್ದಕ್ಕೆ ಎಲ್ಲರೂ ಸಂತೋಷಪಟ್ಟೆವು.

ಉಳಿದ ರೋಗವನ್ನೂ ಪೂರ್ತಿ ಮುಗಿಸಿಬಿಡಲು ಹೊಸ ಔಷಧಿ, ಸ್ವಲ್ಪ ಖಾರವಾದದ್ದು, ಅಂದರು ತಾಯಿ ಮಗಳು. ಒಪ್ಪಿಗೆಗೆ ಕ್ಲಿನಿಕ್ಕಿನವರು ಕೊಟ್ಟ ಸ್ಕ್ರೀನಿನ ಮೇಲೆ ಬೆರಳಿನಿಂದ ಸಹಿ ಗೀಚಿದೆ. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿ ಹುಡುಕಿಯೇ ಹೊಟ್ಟೆ ಹೊರೆದವನು ಒಂದು ಸಾಲನ್ನೂ ಓದಲಿಲ್ಲ. ಆಮೇಲೆ ನನ್ನ ಫೋನ್ ಹೋಯಿತು. ಹೊಸ ಔಷಧಿಗೆ ಕಣ್ಣು ಮಂಜಾಗುತ್ತದೆ, ಫೋನ್ ನೋಡಬಾರದು, ಅಂತ ನಮ್ರತಾ ಇಸಿದುಕೊಂಡಳು. ಈ ದೇಶದಲ್ಲಿ ಸ್ಕ್ಯಾನಿನ ರಿಪೋರ್ಟು ಡಾಕ್ಟರು ನೋಡುವ ಮೊದಲೇ ರೋಗಿಯ ಫೋನಿಗೆ ಟಣ್ ಅಂತ ಬಂದು ಬೀಳುತ್ತದೆ. ಅದು ನನಗೆ ನೆನಪಾಗಲಿಲ್ಲ. ಕಣ್ಣು ನಿಜಕ್ಕೂ ಮಂಜಾಗಿತ್ತು.

ಟಿವಿಯ ಮೇಲೂ ಒಂದು ಕಾನೂನು ಬಂತು. "ಡಾಕ್ಟ್ರು ಹೇಳಿದಾರೆ ರೀ, ಟೆನ್ಷನ್ ಕೂಡದು," ಅಂದಳು ನಿರುಪಮಾ. "ಏಳನೇದು ಆದ್ಮೇಲೆ ಆ ಹಾಳು ದೊಡ್ಡಿಯೋರು ಬರ್ತಾರಲ್ಲ, ಅಷ್ಟರಲ್ಲಿ ಆಫ್. ಬೆಳಿಗ್ಗೆ ರಾಚಯ್ಯನೋರು ಬಂದು ಏನಾಯ್ತು ಹೇಳ್ತಾರೆ."

ನನಗೂ ಅಷ್ಟು ಹೊತ್ತಿಗೆ ಮಾತ್ರೆಯ ಮಂಪರು ಹತ್ತುತ್ತಿತ್ತು. ಒಪ್ಪಿಕೊಂಡೆ. ಮರುದಿನ ಬೆಳಿಗ್ಗೆ ವಾಕಿಂಗ್ ಮುಗಿಸಿ ರಾಚಯ್ಯ ಕಿಟಕಿಯ ಹತ್ತಿರ ನಿಂತು ಹೇಳಿದ, "ಗೆದ್ವಿ ಸಾರ್."

"ಗಡ್ಡದವನು?"

"ಸಾಲಾಗಿ ಮೂರು ಜನಾನ ಮಲಗಿಸ್ಬುಟ್ಟ."

ಮರುದಿನವೂ ಗೆದ್ವಿ. ಅದರ ಮರುದಿನವೂ. ನಡುನಡುವೆ "ಇವತ್ತು ಕೈಕೊಟ್ರು ಸಾರ್" ಅನ್ನುತ್ತಿದ್ದ. ನಾನು ಬೈಯುತ್ತಿದ್ದೆ, ಅವನೂ ಜೊತೆಗೆ ಬೈಯುತ್ತಿದ್ದ. ನನಗೆ ಅನುಮಾನ ಬರದಿರಲಿ ಅಂತ ಹಾಗೆ ಅಲ್ಲೊಂದು ಇಲ್ಲೊಂದು ಸೋಲು ಬೆರೆಸುತ್ತಿದ್ದನಂತೆ. ಟಿವಿಯನ್ನು ಮ್ಯಾಚ್ ಶುರುವಾದ ಮೇಲೇ ಹಾಕುತ್ತಿದ್ದರು, ತಲೆನೋವಿಗೆ ಅಂತ ಸದ್ದು ಅಡಗಿಸುತ್ತಿದ್ದರು. ಮೂಲೆಯಲ್ಲಿ ಸ್ಕೋರಿನ ಸಣ್ಣ ಅಕ್ಷರ ನನ್ನ ಕಣ್ಣಿಗೆ ಕಾಣುತ್ತಿರಲಿಲ್ಲ. ಮೈದಾನದ ಹಸಿರು, ಓಡುವ ಜನ, ನಾವು ಮುಂದಿದ್ದೇವೆ ಅನ್ನುವ ರಾಚಯ್ಯನ ಮಾತು, ಇಷ್ಟೇ ನನ್ನ ಬೇಸ್‌ಬಾಲು. ಅಷ್ಟರಲ್ಲೇ ಹಿಗ್ಗಿದೆ. ಅಭಿಮಾನಿ ಅನ್ನುವ ಪ್ರಾಣಿಯ ಕಿವಿ ಮೇಲೆ ಹೂವಿಡುವುದು ಬಹಳ ಸುಲಭ. ಅದು ತಾನೇ ಕಿವಿ ಚಾಚಿಕೊಂಡು ಕೂತಿರುತ್ತದೆ.

ಹೊಸ ಔಷಧಿ ಮಾತ್ರ ನನ್ನನ್ನು ಹಿಂಡಿಹಾಕಿತು. ಬಾಯಿ ತುಂಬ ಹುಣ್ಣು, ಮೊಸರನ್ನ ಕೂಡ ಉರಿಯುತ್ತಿತ್ತು. ಅಂಗಾಲಿನ ಚರ್ಮ ಸುಲಿದು, ಬಾತ್‌ರೂಮಿಗೆ ಹೋಗಲು ಎರಡು ಜೊತೆ ಕಾಲುಚೀಲ ಹಾಕಬೇಕಾಯಿತು. ಕ್ಯಾನ್ಸರು ಅಲ್ಲಿಯವರೆಗೆ ನನಗೆ ಇಷ್ಟು ನೋವು ಕೊಟ್ಟಿರಲಿಲ್ಲ. ಸಹಿಸಿದೆ. ಔಷಧಿ ಗೆಲ್ಲುತ್ತಿದೆ, ಟೀಮು ಗೆಲ್ಲುತ್ತಿದೆ, ನಾನೊಬ್ಬ ಸ್ವಲ್ಪ ದಿನ ಹಲ್ಲು ಕಚ್ಚಿಕೊಂಡಿದ್ದರೆ ಆಯಿತು ಅಂತ.

ಎಲ್.ಎ.ಯ ಶನಿವಾರ ಬಂದಾಗ ನಾನು ಎದ್ದು ಕೂರುವ ಸ್ಥಿತಿಯಲ್ಲಿರಲಿಲ್ಲ. "ಜುಲೈನಲ್ಲಿ ಹೋಗೋಣ ಅಪ್ಪಾ, ಆಗ ಗಟ್ಟಿಯಾಗಿರ್ತೀರ," ಅಂದಳು ನಮ್ರತಾ, ಮತ್ತೆ ಕನ್ನಡದಲ್ಲಿ. ಜುಲೈ ತಾನೇ, ಆಗಲಿ, ಅಂದೆ. ಎಷ್ಟು ಸಲೀಸಾಗಿ ಅಂದೆ! ಕೈಯಲ್ಲಿ ಬೇಕಾದಷ್ಟು ದಿನ ಇಟ್ಟುಕೊಂಡವನ ಹಾಗೆ. ಅವಳೊಬ್ಬಳೇ ಹೋದಳು, ನನ್ನ ಸೀಟಿನ ಮೇಲೆ ತನ್ನ ಬ್ಯಾಗ್ ಇಟ್ಟುಕೊಂಡು ಕೂತಳು. ಮ್ಯಾಚ್ ಮುಗಿದ ಮೇಲೆ ಅಮ್ಮನ ಫೋನಿಗೆ ಕರೆ ಮಾಡಿದಳು. ಹಿಂದುಗಡೆ ಜನ ಹುಚ್ಚೆದ್ದು ಕೂಗುತ್ತಿದ್ದರು.

"ಗೆದ್ವಿ ಅಪ್ಪಾ."

"ಅಳ್ತಿದ್ದೀಯೇನೆ?"

"ಖುಷಿಗೆ," ಅಂದಳು.

ನಾನೂ ಖುಷಿಪಟ್ಟೆ. ಅವರ ಊರಿನಲ್ಲಿ ನಾವು ಗೆದ್ದರೆ ಅವರು ಯಾಕೆ ಅಷ್ಟು ಕುಣಿಯುತ್ತಾರೆ ಅಂತ ಒಂದು ಕ್ಷಣವೂ ಹೊಳೆಯಲಿಲ್ಲ.

ಅದಾದ ಮುಂದಿನ ವಾರ ಡ್ರಿಪ್ಪಿಗೆ ಕ್ಲಿನಿಕ್ಕಿಗೆ ಹೋದೆವು. ಉದ್ದನೆಯ ಕೋಣೆ, ಒರಗು ಕುರ್ಚಿಗಳ ಸಾಲು, ಒಂದೊಂದರಲ್ಲಿ ಒಬ್ಬೊಬ್ಬ ರೋಗಿ. ನನಗೆ ಸೂಜಿ ಹಾಕಿದ ಮೇಲೆ ನಿರುಪಮಾ ಕಾಫಿ ತರಲು ಕೆಳಗೆ ಹೋದಳು. ಪಕ್ಕದ ಕುರ್ಚಿಯಲ್ಲಿ ನನಗಿಂತ ಹಿರಿಯ ಒಬ್ಬ ಬಿಳಿಯ, ನೌಕಾಪಡೆಯಲ್ಲಿದ್ದವನಂತೆ, ಹೆಸರು ಡೆನಿಸ್. ಕೂದಲಿಲ್ಲದ ತಲೆಯ ಮೇಲೆ ನಮ್ಮದೇ ಕಂದು ಟೋಪಿ. ನನ್ನ ಟೋಪಿ ನೋಡಿ ತಲೆಯಾಡಿಸಿದ.

"ಈ ಬುಲ್‌ಪೆನ್ ನನ್ನನ್ನು ಕ್ಯಾನ್ಸರಿಗಿಂತ ಮೊದಲು ಕೊಲ್ಲುತ್ತೆ," ಅಂದ.

"ಶುರುವಿನಲ್ಲಿ ಹಾಗಿದ್ದರು," ಅಂದೆ ನಾನು. "ಈಗ ಸರಿಹೋದರಲ್ಲ. ಗಡ್ಡದವನು ಎಷ್ಟು ಚೆನ್ನಾಗಿ ಎಸೆಯುತ್ತಿದ್ದಾನೆ."

ಅವನು ನನ್ನ ಕಡೆ ತಿರುಗಿದ. ಆ ನೋಟ ನನಗೆ ಗೊತ್ತು. ಪಾಪ, ರೋಗ ತಲೆಗೇರಿದೆ ಅನ್ನುವ ನೋಟ. "ನೀನು ಯಾವ ಟೀಮಿನ ಮಾತಾಡುತ್ತಿದ್ದೀಯ?" ಅಂತ ಮೆಲ್ಲಗೆ ಕೇಳಿದ.

ನಾನು ಎಲ್.ಎ. ಮ್ಯಾಚ್ ಗೆದ್ದದ್ದನ್ನು ಹೇಳಿದೆ. ನನ್ನ ಮಗಳು ಅಲ್ಲೇ ಇದ್ದಳು ಅಂದೆ. ಅವನು ವಾದ ಮಾಡಲಿಲ್ಲ. ತನ್ನ ಫೋನಿನಲ್ಲಿ ಏನೋ ತೆರೆದು, ಅಕ್ಷರ ದೊಡ್ಡದು ಮಾಡಿ ನನ್ನ ಮುಖದ ಹತ್ತಿರ ಹಿಡಿದ. ಮಾರ್ಚ್ ಕೊನೆಯಿಂದ ಈಚಿನ ಮ್ಯಾಚುಗಳು ಸಾಲಾಗಿ ಇದ್ದವು. ಎಲ್.ಎ.ಯ ಶನಿವಾರ ಸೋಲು. ಅದಕ್ಕೆ ಮುಂಚಿನದು ಸೋಲು. ನಾನು ಪಾಯಸ ತಿಂದ ದಿನದ್ದು ಸೋಲು. ಆರನೆಯದರವರೆಗೆ ಮುಂದಿದ್ದು ಆಮೇಲೆ ಸೋತ ಮ್ಯಾಚುಗಳೇ ಅದರ ತುಂಬ. ಎಲ್.ಎ. ಮ್ಯಾಚ್ ಆದಮೇಲೆ ಗಡ್ಡದವನನ್ನು ಕೆಳಗಿನ ಲೀಗಿಗೆ ಕಳಿಸಿಬಿಟ್ಟರು ಅಂದ ಡೆನಿಸ್. ಅವನು ಮೂರು ಜನರನ್ನು ಮಲಗಿಸಿದ್ದು ರಾಚಯ್ಯನ ಬಾಯಲ್ಲಿ ಮಾತ್ರ.

ನನಗೆ ಮೊದಲು ನಗು ಬಂತು. ಥೂ ಬಡ್ಡೀಮಕ್ಕಳಾ, ಇದನ್ನೂ ಮುಚ್ಚಿಟ್ಟರಾ, ಮುದುಕನ ಬಿಪಿ ಏರದಿರಲಿ ಅಂತ ಏನೇನು ನಾಟಕ, ಅಂದುಕೊಂಡೆ. ಆಮೇಲೆ ನಗು ಅರ್ಧಕ್ಕೇ ನಿಂತಿತು. ಅದೇ ಬಾಯಿಗಳು, ಅದೇ ಬೆಳಿಗ್ಗೆಗಳು, ಅದೇ "ಎಲ್ಲಾ ಚೆನ್ನಾಗಿದೆ ಅಪ್ಪಾ". ಒಂದು ಆಟದಲ್ಲಿ ಸೋತದ್ದನ್ನು ಹೇಳಲು ಧೈರ್ಯವಿಲ್ಲದವರು ಇನ್ನೇನನ್ನು ಹೇಳಿರಲಿಕ್ಕಿಲ್ಲ? ಮೇಲೆ ನೇತುಹಾಕಿದ್ದ ಚೀಲದಿಂದ ಔಷಧಿ ಒಂದೊಂದೇ ಹನಿಯಾಗಿ ನನ್ನ ತೋಳಿಗೆ ಇಳಿಯುತ್ತಿತ್ತು. ಭಯವಾಯಿತು. ರೋಗ ಗೊತ್ತಾದ ದಿನವೂ ನನಗೆ ಅಷ್ಟು ಭಯವಾಗಿರಲಿಲ್ಲ.

ನರ್ಸನ್ನು ಕರೆದು ಡಾಕ್ಟರಮ್ಮ ಬೇಕು ಅಂದೆ. ಅವರು ಬಂದು ಪರದೆ ಎಳೆದು ಸ್ಟೂಲಿನ ಮೇಲೆ ಕೂತರು. "ನಿಮ್ಮ ಮಗಳ ಹತ್ತಿರ ಮಾತ್ರ ಮಾತಾಡಿ ಅಂದಿದ್ದಿರಿ," ಅಂದರು. "ಈಗ ನಿಮಗೇ ತಿಳಿಯಬೇಕಾ?"

"ನನಗೇ ತಿಳಿಯಬೇಕು."

ಅವರು ಹೇಳಿದರು. ಸುತ್ತಿ ಬಳಸದೆ, ಆದರೆ ಮೆತ್ತಗೆ ಹೇಳಿದರು. ಮೊದಲ ಔಷಧಿ ಮಾರ್ಚಿಗೇ ಸೋತಿತ್ತು. ಲಿವರಿನಲ್ಲಿದ್ದದ್ದು ದುಪ್ಪಟ್ಟಾಗಿತ್ತು. ಎರಡನೆಯದರಿಂದ ಉಪಯೋಗವಾಗುವ ಸಾಧ್ಯತೆ ಬಹಳ ಕಡಿಮೆ ಅಂತ ಆಗಲೇ ತಿಳಿಸಿದ್ದರು, ನಿಲ್ಲಿಸಿ ಮನೆಯಲ್ಲಿ ನೆಮ್ಮದಿಯಾಗಿ ಇರುವುದೂ ಒಂದು ದಾರಿ ಅಂದಿದ್ದರು. ನಿಮ್ಮ ಅಪ್ಪನ ಇಷ್ಟ ಏನು ಅಂತ ಕೇಳಿದಾಗ ಮಗಳು, ಮುಂದುವರಿಸಬೇಕು ಅನ್ನುತ್ತಾರೆ, ಅಂದಳಂತೆ. ಇನ್ನು ಎಷ್ಟು ಅಂತ ಕೇಳಿದೆ. ಕೆಲವು ವಾರ, ಅಂದರು. ಮಾರ್ಚಿನಲ್ಲೇ ನಿಲ್ಲಿಸಿದ್ದರೆ ಏಪ್ರಿಲ್ ಹೇಗಿರುತ್ತಿತ್ತು ಅಂತ ಕೇಳಿದೆ. "ಬಹುಶಃ ಓಡಾಡಿಕೊಂಡಿರುತ್ತಿದ್ದಿರಿ" ಅಂದರು.

ಪರದೆಯ ಅಂಚಿನಲ್ಲಿ ನಿರುಪಮಾ ಕಾಫಿ ಹಿಡಿದು ನಿಂತಿದ್ದಳು. ಅವಳು ಎಷ್ಟು ಹೊತ್ತಿನಿಂದ ನಿಂತಿದ್ದಳೋ ಗೊತ್ತಿಲ್ಲ. ನಾನು ನರ್ಸಿಗೆ ಸೂಜಿ ತೆಗೆಯಲು ಹೇಳಿದೆ.

ಕಾರಿನಲ್ಲಿ ಅರ್ಧ ದಾರಿ ಆದಮೇಲೆ ಅವಳೇ ಶುರುಮಾಡಿದಳು, ಕಣ್ಣು ರಸ್ತೆಯ ಮೇಲಿಟ್ಟುಕೊಂಡು.

"ನಮ್ಮಪ್ಪನಿಗೆ ಯಾರೂ ಹೇಳಿರ್ಲಿಲ್ಲ. ಗೊತ್ತಿಲ್ದೇ ಇದ್ದಿದ್ದಕ್ಕೇ ಎರಡು ವರ್ಷ ಬದುಕಿದ್ರು. ಮನಸ್ಸಿಗೆ ಗೊತ್ತಾದ್ರೆ ಮೈ ಕೈಬಿಟ್ಬಿಡತ್ತೆ ರೀ."

"ನಾನು ನಿಮ್ಮಪ್ಪ ಅಲ್ಲ."

"ಹೇಳಿದ್ರೆ ನೀವು ನಿಲ್ಲಿಸ್ಬಿಡ್ತಿದ್ರಿ."

"ಹೌದು. ನಿಲ್ಲಿಸ್ತಿದ್ದೆ."

"ನಂಗೆ ನೀವು ನಿಲ್ಲಿಸೋದು ಬೇಡವಾಗಿತ್ತು," ಅಂದಳು. ಸಿಗ್ನಲ್ ಹಸಿರಾದರೂ ಕಾರು ಹೊರಡಲಿಲ್ಲ. ಹಿಂದಿನವರು ಹಾರ್ನ್ ಹೊಡೆದರು. ನನಗೆ ಅವಳ ಮೇಲೆ ಕೊಂದುಹಾಕುವಷ್ಟು ಸಿಟ್ಟಿತ್ತು, ಅವಳ ಕೈ ಹಿಡಿದುಕೊಳ್ಳಬೇಕು ಅಂತಲೂ ಇತ್ತು. ಎರಡನ್ನೂ ಮಾಡಲಿಲ್ಲ.

ಸಂಜೆ ರಾಚಯ್ಯ ಬಂದ. ಮಂಡಕ್ಕಿ ಡಬ್ಬಿ ಇರಲಿಲ್ಲ. ಸೋಫಾದ ಎಡಮೂಲೆಗೆ ಹೋಗದೆ ಬಾಗಿಲಲ್ಲೇ ನಿಂತ.

"ನಿರುಪಮಮ್ಮ ಮಾದಪ್ಪನ ಮೇಲೆ ಆಣೆ ಹಾಕಿಸ್ಕಂಡ್ರು ಸಾರ್. ಸಾವ್ರ ಸುಳ್ಳು ಹೇಳಿ ಒಂದು ಮದ್ವೆ ಮಾಡು ಅಂತಾರಲ್ಲ, ಹಂಗೆ ಅನ್ಕಂಡೆ."

"ಇದು ಮದುವೆ ಅಲ್ಲ ರಾಚಯ್ಯ."

"ಗೊತ್ತು ಸಾರ್," ಅಂದ. ಟೋಪಿ ತೆಗೆದು ಅದರಲ್ಲೇ ಮುಖ ಒರೆಸಿಕೊಂಡ. "ಸೋತಿದ್ದನ್ನ ನೋಡ್ಕಂಡು, ಬೆಳಿಗ್ಗೆ ನಿಮ್ಮ ಕಿಟಕಿ ತಾವ ಬಂದು ಗೆದ್ವಿ ಅನ್ನೋಕೆ ಎಷ್ಟು ಕಷ್ಟ ಆಗೋದು ನಿಮಗೇನು ಗೊತ್ತು." ನನಗೆ ಮತ್ತೆ ನಗು ಬಂತು, ಈ ಸಲ ನಿಜವಾದದ್ದು. ಕೂತ್ಕೋ ಅಂದೆ. ಕೂತ.

ಮಾರನೆಯ ದಿನ ಶನಿವಾರ. ಎಲ್ ಸೆಗುಂಡೋದಿಂದ ನಮ್ರತಾ ಬಂದಳು. ಅಮ್ಮ ಎಲ್ಲ ಹೇಳಿದ್ದಳು. ಬಂದವಳು ಚಪ್ಪಲಿ ಬಿಡುವ ಜಾಗದಲ್ಲೇ ನಿಂತು ಇಂಗ್ಲಿಷಿನಲ್ಲಿ ಜಗಳ ಶುರುಮಾಡಿದಳು. ಅಪರಾಧಿ ತಾನಾಗಿದ್ದಾಗ ಮೊದಲು ಜಗಳಕ್ಕೆ ಬರುವುದು ನನ್ನಿಂದ ಹೋದ ಗುಣ.

"ನೀವೇ ಹೇಳಿದ್ದು, ಎಲ್ಲ ನಾನೇ ನೋಡಿಕೊಳ್ಳಲಿ ಅಂತ. ನನಗೇನು ಬೇಕಾಗಿತ್ತಾ ಅದು? ಡಾಕ್ಟರ್ ನನ್ನ ಮುಖ ನೋಡಿ ನಿಮ್ಮ ಅಪ್ಪನಿಗೆ ಏನು ಇಷ್ಟ ಅಂತ ಕೇಳುತ್ತಾರೆ. ಪಕ್ಕದಲ್ಲಿ ಅಮ್ಮ ನನ್ನ ಕೈ ಹಿಡಿದು ಅಳುತ್ತಿದ್ದಾಳೆ. ನಾನು ಯಾರ ಮಾತು ಕೇಳಬೇಕಿತ್ತು?"

"ನನ್ನ ಮಾತು," ಅಂದೆ. "ಕಾರಲ್ಲಿ ನಿಂಗೆ ಹೇಳಿದ್ದೆ. ನೀನು ಪ್ರಾಮಿಸ್ ಅಂದಿದ್ದೆ."

ಅವಳು ಚಪ್ಪಲಿ ಬಿಟ್ಟು ಒಳಗೆ ಬಂದಳು.

"ಏಪ್ರಿಲ್ ಚೆನ್ನಾಗಿರಲಿ ಅಂತ ಮಾಡಿದೆ," ಅಂದಳು. "ನೀವು ಖುಷಿಯಾಗಿದ್ದಿರಿ."

"ಖುಷಿಯಾಗಿದ್ದೆ. ಬಾಯಿ ತುಂಬ ಹುಣ್ಣು ಇಟ್ಕೊಂಡು, ಹಾಸಿಗೇಲಿ ಬಿದ್ಕೊಂಡು, ಯಾರದೋ ಏಪ್ರಿಲ್ ನೋಡ್ತಾ ಖುಷಿಯಾಗಿದ್ದೆ. ನಂದನ್ನ ನೀವಿಬ್ಬರು ಖರ್ಚು ಮಾಡಿಬಿಟ್ರಿ."

ಕಠಿಣವಾದ ಮಾತು. ಬೇಕಂತಲೇ ಆಡಿದೆ. ಅವಳು ಕುಸಿದು ನನ್ನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು, ಸ್ಕ್ಯಾನ್ ಬಂದ ದಿನ ಕೂತಿದ್ದ ಜಾಗದಲ್ಲೇ. ಅಳುತ್ತಿದ್ದವಳ ತಲೆಯ ಮೇಲೆ ಕೈ ಇಡಲು ತೋಳು ಎತ್ತಿದರೆ ಅದೂ ಭಾರವಾಗಿತ್ತು. ಅಷ್ಟರಲ್ಲಿ ನನಗೆ ಇನ್ನೊಂದು ವಿಷಯವೂ ಅರ್ಥವಾಗಿತ್ತು. ಔಷಧಿ ನಿಲ್ಲಿಸಿದರೂ ಕಳೆದುಹೋದ ಬಲ ವಾಪಸು ಬರುವುದಿಲ್ಲ. ಎಲ್.ಎ.ವರೆಗೆ ಕಾರಿನಲ್ಲಿ ಕೂರುವುದಿರಲಿ, ಈ ಕುರ್ಚಿಯಿಂದ ಗರಾಜಿಗೆ ಹೋಗುವುದಕ್ಕೇ ಇಬ್ಬರು ಹಿಡಿಯಬೇಕು. ಕೋಟೆ ಕೊಳ್ಳೆ ಹೋದಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ, ನನಗೆ ಸತ್ಯ ಸಿಕ್ಕಿತ್ತು.

ಮಧ್ಯಾಹ್ನದ ಮ್ಯಾಚ್ ಶುರುವಾಗಿತ್ತು. ರಾಚಯ್ಯ ಬಂದು ತನ್ನ ಮೂಲೆಯಲ್ಲಿ ಕೂತಿದ್ದ. ಟಿವಿಗೆ ಈ ಸಲ ಸದ್ದಿತ್ತು. ನಾವು ಎರಡು ರನ್ ಮುಂದೆ ಇದ್ದೆವು.

"ಪುಟ್ಟಿ," ಅಂದೆ, "ಆ ಶನಿವಾರ ಎಲ್.ಎ.ಯಲ್ಲಿ ಏನಾಯ್ತು, ಹೇಳು. ಏಳನೇದರಿಂದ ಹೇಳು."

"ಅಪ್ಪಾ, ಪ್ಲೀಸ್."

"ಹೇಳು."

ಅವಳು ಮೂಗು ಒರೆಸಿಕೊಂಡು ಹೇಳತೊಡಗಿದಳು, ಇಂಗ್ಲಿಷಿನಲ್ಲಿ. ಏಳನೆಯದಕ್ಕೆ ದೊಡ್ಡಿಯಿಂದ ನಾವು ಲಂಬೂ ಅನ್ನುವ ಆ ಉದ್ದನೆಯವನು ಬಂದ, ಪರವಾಗಿಲ್ಲ, ತಪ್ಪಿಸಿಕೊಂಡ. ಎಂಟನೆಯದಕ್ಕೆ ಗಡ್ಡದವನು ಬಂದ. ಚೆಂಡು ಎಲ್ಲೆಲ್ಲಿಗೋ ಹೋಗುತ್ತಿತ್ತು. ಹೊಡೆಯುವ ಶ್ರಮವೇ ಇಲ್ಲದೆ ಇಬ್ಬರನ್ನು ಮೊದಲ ಬೇಸ್ ಅನ್ನುವ ಗುರುತಿನವರೆಗೆ ಪುಕ್ಕಟೆ ನಡೆಸಿ ಕಳಿಸಿದ. ಸುತ್ತಲಿನ ನೀಲಿ ಜನ ಎದ್ದು ನಿಂತರು, ಅವಳಿಗೆ ಏನೂ ಕಾಣದಾಯಿತು, ಸೀಟಿನ ಮೇಲೆ ಹತ್ತಿ ನಿಂತಳು. ಮೂರನೆಯವನು ಮೊದಲ ಚೆಂಡನ್ನೇ ಬೇಲಿಯಾಚೆ ಹೊಡೆದ. ಚೆಂಡು ಬ್ಯಾಟಿಗೆ ತಾಗಿದ ಸದ್ದಿನಲ್ಲೇ ಗೊತ್ತಾಯಿತಂತೆ, ತಲೆಯೆತ್ತಿ ನೋಡಲೂ ಇಲ್ಲವಂತೆ. ನನ್ನ ಸೀಟಿನ ಮೇಲಿದ್ದ ಬ್ಯಾಗಿನಲ್ಲಿ ಪುಳಿಯೋಗರೆ ಹಾಗೇ ಇತ್ತು. ಒಂಬತ್ತನೆಯದು ಮುಗಿದ ಮೇಲೂ ಅಲ್ಲೇ ಕೂತಿದ್ದು, ಆಮೇಲೆ ನನಗೆ ಫೋನ್ ಮಾಡಿದಳು.

"ಸೋತ್ವಿ," ಅಂದೆ ನಾನು.

"ಸೋತೆವು," ಅಂದಳು ಇಂಗ್ಲಿಷಿನಲ್ಲೇ.

"ಈಗ ನನ್ನ ಸ್ಕ್ಯಾನ್ ಹೇಳು."

"ನಿಮಗೆ ಗೊತ್ತಲ್ಲ. ಡಾಕ್ಟರ್ ಹೇಳಿದರಲ್ಲ."

"ಡಾಕ್ಟರು ಹೇಳಿದರು. ನೀನು ಹೇಳಿಲ್ಲ."

ಅವಳು ಹೇಳಿದಳು. ಲಿವರಿನದು ಎಷ್ಟು ದೊಡ್ಡದಾಗಿದೆ, ಎಲ್ಲೆಲ್ಲಿಗೆ ಹರಡಿದೆ, ಇನ್ನೆಷ್ಟು ಉಳಿದಿದೆ, ಎಲ್ಲವನ್ನೂ ಆ ಎಂಟನೇ ಇನಿಂಗ್ಸ್ ಹೇಳಿದ ಹಾಗೆಯೇ ಒಂದರ ಹಿಂದೆ ಒಂದು, ನನ್ನ ಮುಖದಿಂದ ಕಣ್ಣು ತೆಗೆಯದೆ ಹೇಳಿದಳು. ಹೇಳಿ ಮುಗಿಸಿ ಅತ್ತಳು. ನಾನು ಸಮಾಧಾನ ಮಾಡಲಿಲ್ಲ. ನಾನೂ ಅತ್ತೆ.

ಟಿವಿಯಲ್ಲಿ ಏಳನೇ ಇನಿಂಗ್ಸ್ ಮುಗಿಯಿತು. ಬೇಲಿಯ ಗೇಟು ತೆರೆಯಿತು, ದೊಡ್ಡಿಯಿಂದ ಹೊಸಬನೊಬ್ಬ ಓಡಿಬಂದ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನಿರುಪಮಾ ರೂಢಿಯ ಮೇಲೆ ಬಂದು ರಿಮೋಟಿಗೆ ಕೈ ಚಾಚಿದಳು. ನಾನು ಆ ಕೈ ಹಿಡಿದುಕೊಂಡೆ.

"ಇರಲಿ ಬಿಡು," ಅಂದೆ. "ಕೂತ್ಕೋ. ಕೊನೇವರೆಗೂ ನೋಡೋಣ."